ನಡುಕೋಣೆ ಯಾರ ವಾಡೊ

ಗೋಡೆಗೆ ನಕ್ಷೆ ಅಂಟಿಸುವವರನ್ನು ನಾನು ನಂಬುವುದಿಲ್ಲ. ಗೆರೆ ಎಳೆದವನಿಗೆ ಏನೋ ಒಂದು ಬೇಕಾಗಿರುತ್ತದೆ, ಅದು ಏನೆಂದು ಅವನು ಮೊದಲೇ ಹೇಳುವುದಿಲ್ಲ. ಈ ಸಲ ಬೇಸಿಗೆ ರಜೆ ಮುಗಿದು ಶಾಲೆ ತೆರೆಯುವ ಹೊತ್ತಿಗೆ ನನ್ನ ಮೊಮ್ಮಗಳು ರಿಯಾನಾ ನಾವಿಬ್ಬರೂ ಮಲಗುವ ಕೋಣೆಯಲ್ಲಿ, ನನ್ನ ಮಂಚದ ಎದುರಿನ ಗೋಡೆಗೇ, ಒಂದು ನಕ್ಷೆ ಅಂಟಿಸಿದಳು. ನಾಲ್ಕು ಬಣ್ಣದ ನಾಲ್ಕು ತುಂಡು, ಎರಡು ಬದಿಗೆ ಸಮುದ್ರ. ನಾವಿರುವ ಮನೆ ಅಬುಧಾಬಿಯ ಮೊಹಮ್ಮದ್ ಬಿನ್ ಜಾಯೆದ್ ಸಿಟಿಯಲ್ಲಿ ನನ್ನ ಮಗಳು ಐರಿನ್ ಮತ್ತು ಅಳಿಯ ರೋಶನ್ ಬಾಡಿಗೆಗೆ ಹಿಡಿದದ್ದು. ಒಂದೇ ವಿಲ್ಲಾದೊಳಗೆ ಗೋಡೆ ಎಬ್ಬಿಸಿ ಮೂರು ಸಂಸಾರಕ್ಕೆ ಕೊಟ್ಟಿದ್ದಾರೆ. ಐರಿನ್ ಆಸ್ಪತ್ರೆಯಲ್ಲಿ ನರ್ಸು, ರೋಶನ್ ಹಡಗು ರಿಪೇರಿಯ ಕೆಲಸದವನು. ಇಬ್ಬರೂ ಹಗಲು ಮನೆಯಲ್ಲಿರುವುದಿಲ್ಲ. ಹಾಗಾಗಿ ನಾನು ಪ್ರಶ್ನೆ ಕೇಳಬೇಕಾದರೆ ಹುಡುಗಿಯನ್ನೇ ಕೇಳಬೇಕು.

"ಇದು ಎಂತದು?"

"ಗಲೀಸಿಯ, ಗ್ರ್ಯಾನಿ. ಸ್ಪೇನ್‌ನಲ್ಲಿ ಒಂದು ರಾಜ್ಯ ಇದ್ದ ಹಾಗೆ. ಸ್ಕೂಲ್ ಪ್ರಾಜೆಕ್ಟ್."

"ಇಂಡಿಯನ್ ಸ್ಕೂಲಿನವರಿಗೆ ಸ್ಪೇನಿನ ಒಂದು ಮೂಲೆ ಎಂತಕ್ಕೆ?"

"ಇಟ್ಸ್ ಜಸ್ಟ್ ಜಾಗ್ರಫಿ, ಗ್ರ್ಯಾನಿ."

ನಮ್ಮ ಮನೆಯ ಮಾತು ಕೊಂಕಣಿ. ಅಕ್ಷರ ಕಲಿತದ್ದು ಕನ್ನಡದಲ್ಲಿ, ಅದೂ ನಾಲ್ಕನೇ ಕ್ಲಾಸಿನವರೆಗೆ, ಹಾಗಾಗಿ ಬರೆಯುವುದು ಕನ್ನಡದಲ್ಲಿ. ಇಂಗ್ಲಿಷ್ ನನಗೆ ಅರ್ಥವಾಗುವುದು ಕಡಿಮೆ. ಆದರೆ ಈ ಮನೆಯಲ್ಲಿ ಸುಳ್ಳು ಹೇಳುವಾಗ ಎಲ್ಲರೂ ಇಂಗ್ಲಿಷಿಗೆ ದಾಟುತ್ತಾರೆ ಎಂಬುದು ಅರ್ಥವಾಗಿ ಬಹಳ ಕಾಲವಾಯಿತು.

ಗೆರೆಯ ಮೇಲೆ ನನಗೆ ಅನುಮಾನ ಹುಟ್ಟಿದ್ದು ನಾನು ಬೆಳೆದ ಮನೆಯಲ್ಲಿ. ಅದು ಉಡುಪಿಯಿಂದ ತೆಂಕಕ್ಕೆ, ಅಳಿವೆಯ ಉಪ್ಪುನೀರು ತೋಡಿನವರೆಗೆ ಏರಿ ಬರುವ ಕಡೆ ಇತ್ತು. ಹಂಚಿನ ಮಾಡು, ಸೆಗಣಿ ಸಾರಿಸಿದ ನೆಲ. ಮುಂದೆ ಉದ್ದದ ಚಾವಡಿ, ಹಿಂದೆ ಹೊಗೆ ಹಿಡಿದ ಅಡುಗೆಮನೆ, ಇವೆರಡರ ನಡುವೆ ನಡುಕೋಣೆ. ನಡುಕೋಣೆಗೆ ಎಡಕ್ಕೊಂದು ಬಲಕ್ಕೊಂದು ಬಾಗಿಲು. ಅಲ್ಲಿ ಅಲ್ತಾರ್ ಇತ್ತು, ಅಂದರೆ ಮರದ ಪೀಠ, ಅದರ ಮೇಲೆ ಮಾತೆಯ ಪ್ರತಿಮೆ, ಒಂದು ಎಣ್ಣೆ ದೀಪ. ಬೆಳಿಗ್ಗೆ ಗಂಜಿ, ಉಪ್ಪಿನಲ್ಲಿ ಹಾಕಿದ ಮಾವಿನಕಾಯಿ. ಮಧ್ಯಾಹ್ನ ಮೀನು ಸಿಕ್ಕಿದರೆ ಮೀನು, ಇಲ್ಲದಿದ್ದರೆ ಒಣಮೀನಿನ ಚಟ್ನಿ. ಸಂಜೆ ಎಲ್ಲರೂ ಅಲ್ತಾರಿನ ಮುಂದೆ ಮಂಡಿಯೂರಿ ಜಪಮಾಲೆ ಹೇಳಬೇಕು. ನಿದ್ದೆ ತೂಗಿದವರ ಕಿವಿ ಹಿಂಡುವ ಕೆಲಸ ದೊಡ್ಡಪ್ಪನದ್ದು. ಆ ಮನೆಯಲ್ಲಿ ಎರಡು ಸಂಸಾರ ಇತ್ತು, ದೊಡ್ಡಪ್ಪನದ್ದು ಮತ್ತು ನಮ್ಮದು. ಅಮ್ಮನಿಗೂ ದೊಡ್ಡಮ್ಮನಿಗೂ ಮೀನಿನ ತಲೆ ಯಾರ ಬಟ್ಟಲಿಗೆ ಹೋಯಿತು ಎಂಬುದರ ಮೇಲೆ ಜಗಳ. ಇಬ್ಬರೂ ಬಾಯಿ ಬಿಟ್ಟು ಜಗಳವಾಡುತ್ತಿರಲಿಲ್ಲ, ಪಾತ್ರೆ ಕುಕ್ಕುತ್ತಿದ್ದರು. ಅಮ್ಮ ಪಾತ್ರೆಯ ತಳ ನೋಡದೆ ಯಾರ ಮಾತನ್ನೂ ನಂಬುತ್ತಿರಲಿಲ್ಲ. ಆ ಗುಣ ನನಗೆ ಬಂದಿದೆ.

ನಡುಕೋಣೆಯಲ್ಲಿ ಮಲಗುತ್ತಿದ್ದವಳು ಜುಲಿಯಾನತ್ತೆ, ಅಪ್ಪನ ಅಕ್ಕ. ಗಂಡ ಸತ್ತ ಮೇಲೆ, ಮಕ್ಕಳೂ ಇಲ್ಲದೆ, ಒಂದು ಮರದ ಪೆಟ್ಟಿಗೆ ಹೊತ್ತುಕೊಂಡು ತಮ್ಮಂದಿರ ಮನೆಗೆ ಬಂದಿದ್ದಳು. ಕಪ್ಪಗೆ, ಎತ್ತರಕ್ಕೆ, ಮೂಗಿಗೆ ನಶ್ಯ ಏರಿಸಿ ಕೂತರೆ ಮಾತೇ ಇಲ್ಲ. ಅವಳನ್ನು ಯಾರೂ ಬೈಯುತ್ತಿರಲಿಲ್ಲ, ಕರೆದು ಮಾತಾಡಿಸುತ್ತಲೂ ಇರಲಿಲ್ಲ. ಕೆಲಸ ಮಾತ್ರ ಎರಡು ಸಂಸಾರದವರೂ ಹೇಳುತ್ತಿದ್ದರು.

ನಮ್ಮ ಕ್ರಿಸ್ತುವರಲ್ಲಿ ಇಗರ್ಜಿಗೆ, ಅಂದರೆ ಚರ್ಚಿಗೆ, ಸೇರಿದ ಮನೆಗಳನ್ನು ವಾಡೊ ಎಂದು ಪಾಲು ಮಾಡಿರುತ್ತಾರೆ. ವಾಡೊಗೆ ಒಬ್ಬ ಮುಖ್ಯಸ್ಥ, ಗುರ್ಕಾರ. ಮದುವೆಗೆ ಅವನ ಮಾತು ಬೇಕು, ಸಾವಾದರೆ ಹೆಣ ಎತ್ತಲು ಅವನು ಜನ ಕೂಡಿಸಬೇಕು, ತೆನೆ ಹಬ್ಬದ ದಿನ ಇಗರ್ಜಿಯಲ್ಲಿ ಆಶೀರ್ವಾದ ಮಾಡಿದ ಹೊಸ ಭತ್ತದ ತೆನೆಗಳನ್ನು ಅವನ ವಾಡೊದ ಮನೆಮನೆಗೆ ಮುಟ್ಟಿಸಬೇಕು. ನಮ್ಮ ವಾಡೊಗೆ ಗುರ್ಕಾರ ನನ್ನ ಅಪ್ಪ. ತಮ್ಮನಾದವನು ಗುರ್ಕಾರ, ಅಣ್ಣನಾದವನು ಬರೀ ಅಣ್ಣ. ಇದು ದೊಡ್ಡಪ್ಪನಿಗೆ ಗಂಟಲಲ್ಲಿ ಸಿಕ್ಕಿದ ಮುಳ್ಳು. ಅಷ್ಟರಲ್ಲಿ ಮನೆಗಳು ಹೆಚ್ಚಾದವೆಂದು ಪಾದ್ರಿಗಳು ವಾಡೊವನ್ನು ಎರಡು ಮಾಡಲು ಹೊರಟರು. ಗೆರೆ ಎಲ್ಲಿ ಹೋಗಬೇಕೆಂದು ಅಪ್ಪನನ್ನು ಕೇಳಿದರು. ಎಲ್ಲರೂ ತೋಡಿನ ಉದ್ದಕ್ಕೆ ಹೋಗುತ್ತದೆ ಎಂದುಕೊಂಡಿದ್ದರು. ಅಪ್ಪ ಅದನ್ನು ಓಣಿಯಲ್ಲಿ ಹತ್ತಿಸಿ, ನಮ್ಮ ಅಂಗಳ ದಾಟಿಸಿ, ಮನೆಯ ನಡುವೆಯೇ ತಂದ. ಮೂಡು ಅರ್ಧ ಹಳೆಯ ವಾಡೊ, ಪಡು ಅರ್ಧ ಹೊಸ ವಾಡೊ. ಹೊಸದಕ್ಕೆ ದೊಡ್ಡಪ್ಪ ಗುರ್ಕಾರ. ಒಂದು ತಿಂಗಳೊಳಗೆ ಚಾವಡಿಯಲ್ಲೂ ಅಡುಗೆಮನೆಯಲ್ಲೂ ಗೋಡೆ ಎದ್ದಿತು. ಅಡುಗೆಮನೆಯ ಕಿಟಕಿ ದೊಡ್ಡಪ್ಪನ ಕಡೆಗೆ ಹೋಯಿತು.

"ತೋಡು ಇರುವಾಗ ಗೆರೆ ಮನೆಯೊಳಗೆ ಎಂತಕ್ಕೆ ಬಂತು?" ಎಂದು ಅಮ್ಮ ಕೇಳಿದಳು.

"ಅಣ್ಣನಿಗೂ ಒಂದು ಮರ್ಯಾದೆ ಬೇಡವಾ?" ಎಂದ ಅಪ್ಪ.

"ಮರ್ಯಾದೆ ಅವರಿಗೆ ಸಿಕ್ಕಿತು. ನನಗೆ ಹೊಗೆ ಸಿಕ್ಕಿತು."

ನಡುಕೋಣೆಗೆ ಮಾತ್ರ ಗೋಡೆ ಬರಲಿಲ್ಲ. ಅಲ್ತಾರನ್ನು ಎರಡು ಮಾಡುವ ಧೈರ್ಯ ಇಬ್ಬರಿಗೂ ಇರಲಿಲ್ಲ. ಅದು ಎರಡೂ ಕಡೆಯದು ಎಂದು ಅಪ್ಪ ಹೇಳಿದ, ದೊಡ್ಡಪ್ಪ ಒಪ್ಪಿದ. ಎರಡೂ ಕಡೆಯದು ಎಂದರೆ ಯಾರೂ ಗುಡಿಸುವುದಿಲ್ಲ ಎಂದು ಅರ್ಥ. ಜುಲಿಯಾನತ್ತೆಯೇ ಗುಡಿಸಿಕೊಂಡಳು.

ಆ ನಡುಕೋಣೆ ಇಲ್ಲಿ, ಮರಳಿನ ಊರಿನಲ್ಲಿ, ನನಗೆ ಮತ್ತೆ ನೆನಪಾದದ್ದು ರಿಯಾನಾಳ ನಕ್ಷೆಯಿಂದ. ನಾನು ಮಧ್ಯಾಹ್ನ ಅವಳಿಗೆ ಊಟ ಬಡಿಸಿ, ಏನೂ ತಿಳಿಯದವಳ ಹಾಗೆ ಪಾಠ ಹೇಳಿಸಿಕೊಳ್ಳುತ್ತಿದ್ದೆ. ನಾಲ್ಕು ತುಂಡಿನ ಹೆಸರು ಕೊರುನ್ಯ, ಲುಗೊ, ಔರೆನ್ಸೆ, ಪೊಂತೆವೆದ್ರ. ನಮ್ಮ ಜಿಲ್ಲೆಗಳಿದ್ದ ಹಾಗೆ. ಮೂರಕ್ಕೆ ಸಮುದ್ರ ಉಂಟು, ಔರೆನ್ಸೆಗೆ ಇಲ್ಲ. ಪಡುಬದಿಗೆ ಸಮುದ್ರ ಬೆರಳುಗಳ ಹಾಗೆ ನೆಲದೊಳಗೆ ಹೊಕ್ಕಿದೆ, ನಮ್ಮ ಅಳಿವೆಯೇ, ಆದರೆ ಬಹಳ ದೊಡ್ಡದು. ಕೆಳಗೆ ಮಿನ್ಯೊ ಎಂಬ ಹೊಳೆ; ಅದರ ಆಚೆ ಪೋರ್ಚುಗಲ್. ನಮ್ಮ ಹಿರಿಯರಿಗೆ ಹೆಸರು ಇಟ್ಟು ಹೋದವರ ಪಕ್ಕದ ಮನೆ ಎಂದಾಯಿತು. ಜಿಲ್ಲೆಯ ಒಳಗೆ ಮುನಿಸಿಪಾಲಿಟಿಗಳು, ಅವುಗಳ ಒಳಗೆ ಪರೋಕಿಯ. ಅಂದರೆ ಇಗರ್ಜಿಯ ಸುತ್ತಿನ ಮನೆಗಳು. ಅಂಥವು ಮೂರು ಸಾವಿರಕ್ಕೂ ಮೇಲೆ ಉಂಟಂತೆ.

"ಹಾಗಾದರೆ ಗುರ್ಕಾರರು ಎಷ್ಟು ಜನ ಬೇಕು," ಎಂದೆ.

"ಗುರ್ಕಾರ ಇಲ್ಲ ಗ್ರ್ಯಾನಿ. ಮೇಯರ್ ಇರುದು ಮುನಿಸಿಪಾಲಿಟಿಗೆ. ಪರೋಕಿಯಕ್ಕೆ ಆಫೀಸೇ ಇಲ್ಲ. ಆದ್ರೆ ಜನ ಊರು ಯಾವುದು ಅಂತ ಕೇಳಿದ್ರೆ ಪರೋಕಿಯದ ಹೆಸರೇ ಹೇಳುದು."

"ಈ ನಕ್ಷತ್ರ ಹಾಕಿದ್ದು?"

"ಸಾಂತಿಯಾಗೊ. ಕ್ಯಾಪಿಟಲ್. ಇರುದು ಕೊರುನ್ಯದ ಒಳಗೆ, ಆದ್ರೆ ಕೊರುನ್ಯಕ್ಕೆ ಬೇರೆ ಹೆಡ್ ಆಫೀಸ್ ಉಂಟು. ಸಾಂತಿಯಾಗೊ ನಾಲ್ಕಕ್ಕೂ ಸೇರಿದ್ದು. ಅವರ ಸರ್ಕಾರಕ್ಕೆ ಶುಂತ ಅಂತ ಹೆಸರು. ಅದು ಕೂತ್ಕೊಳ್ಳುದು ಅಲ್ಲಿ."

"ನಾಲ್ಕಕ್ಕೂ ಸೇರಿದ್ದಾ. ಗುಡಿಸುವವರು ಯಾರು?"

"ವಾಟ್?"

"ಎಂತ ಇಲ್ಲ. ಊಟ ಮಾಡು."

ಅವಳಿಗೆ ನಾಲ್ಕು ಜಿಲ್ಲೆಯಲ್ಲಿ ಮೂರರದ್ದು ಪುಸ್ತಕದ ಮಾತು. ಪೊಂತೆವೆದ್ರದಲ್ಲಿ ವೀಗೊ ಎಂಬ ಊರು ಬಂದಾಗ ಮಾತ್ರ ಮಾತು ಬೇರೆ. ಜಿಲ್ಲೆಯ ಮುಖ್ಯ ಊರಿಗಿಂತ ಅದು ದೊಡ್ಡದು, ಹಡಗು ಕಟ್ಟುವ ಜಾಗ ಉಂಟು, ಚಳಿಗಾಲದಲ್ಲಿ ಮಳೆ ಬಿಡುವುದಿಲ್ಲ, ಬಸ್ಸಿನಲ್ಲಿ ಶಾಲೆಗೆ ಹೋಗಬಹುದು, ಹುಡುಗರಿಗೆ ಎರಡೆರಡು ಭಾಷೆ ಕಲಿಸುತ್ತಾರೆ. ಪರೀಕ್ಷೆಗೆಂದು ಓದುವವರು ಒಂದು ಊರಿನ ಬಸ್ಸಿನ ವಿಷಯ ತಿಳಿದಿಟ್ಟುಕೊಳ್ಳುವುದಿಲ್ಲ. ನಾನು ಮನೆಯೊಳಗೆ ಕಣ್ಣು ಬಿಟ್ಟು ನೋಡತೊಡಗಿದೆ. ಐರಿನ್ ಯಾವಾಗಲೂ ಕುಚ್ಚಲಕ್ಕಿಯನ್ನು ದೊಡ್ಡ ಗೋಣಿಯಲ್ಲೇ ತರುವವಳು, ಈಗ ಸಣ್ಣ ಚೀಲ. ಕುಕ್ಕರಿನ ಹಿಡಿ ಮುರಿದಿತ್ತು, ಹೊಸದು ತಾ ಎಂದರೆ ಈಗ ಬೇಡ ಎಂದಳು. ರೋಶನ್ ಕಾರು ನಿಲ್ಲಿಸಿದ ಮೇಲೂ ಒಳಗೆ ಕೂತು ಫೋನಿನ ಜೊತೆ ತನ್ನಷ್ಟಕ್ಕೇ ಏನೋ ಉರು ಹೊಡೆಯುತ್ತಿದ್ದ. ಕೊನೆಗೆ ಬಟ್ಟೆ ಮಡಚಿ ಇಡುವಾಗ ರಿಯಾನಾಳ ಕಪಾಟಿನಲ್ಲಿ ಒಂದು ರೈನ್‌ಕೋಟ್ ಸಿಕ್ಕಿತು. ಹೊಸದು, ಟೊಪ್ಪಿ ಸಮೇತ. ಅಬುಧಾಬಿಯಲ್ಲಿ ರೈನ್‌ಕೋಟ್ ಕೊಂಡವರನ್ನು ನಾನು ಈವರೆಗೆ ಕಂಡಿಲ್ಲ.

ಐರಿನ್ ಡ್ಯೂಟಿ ಮುಗಿಸಿ ಬಂದಾಗ ಅದನ್ನು ಅಡುಗೆಮನೆಯ ಕಟ್ಟೆಯ ಮೇಲೆ ಹಾಕಿದೆ.

"ಯಾವಾಗ ಹೊರಡುದು?"

ಅವಳು ಕೈಚೀಲ ಕೆಳಗಿಡಲೂ ಇಲ್ಲ. "ಕ್ರಿಸ್‌ಮಸ್ ಕಳೆದ ಮೇಲೆ, ಮಾಯ್. ರೋಶನಿಗೆ ವೀಗೊದಲ್ಲಿ ಕೆಲಸ ಆಗಿದೆ. ನಿನಗೆ ನಿಧಾನಕ್ಕೆ ಹೇಳುವ ಅಂತ ಇದ್ದೆ."

"ಎಷ್ಟು ನಿಧಾನಕ್ಕೆ? ವಿಮಾನ ಹತ್ತಿದ ಮೇಲೆಯಾ?"

"ಹಾಗೆಲ್ಲ ಹೇಳ್ಬೇಡ."

"ಸರಿ. ಹೇಳುದಿಲ್ಲ. ನಾನು ಎಲ್ಲಿ?"

"ವಿಲ್ಸನ್ ಇದ್ದಾನಲ್ಲ ಮಾಯ್," ಎಂದಳು. ಹೇಳುವಾಗ ನನ್ನ ಮುಖ ನೋಡಲಿಲ್ಲ, ಒಲೆ ನೋಡಿದಳು.

ವಿಲ್ಸನ್ ನನ್ನ ಮಗ. ದುಬೈಯ ಇಂಟರ್‌ನ್ಯಾಷನಲ್ ಸಿಟಿಯಲ್ಲಿ ಹೆಂಡತಿ ಶೈಲಾ ಮತ್ತು ಎರಡು ಹೆಣ್ಣುಮಕ್ಕಳ ಜೊತೆ ಒಂದು ಬೆಡ್‌ರೂಮಿನ ಮನೆಯಲ್ಲಿದ್ದಾನೆ. ಅಲ್ಲಿ ಕಟ್ಟಡಗಳ ಗುಂಪಿಗೆ ದೇಶಗಳ ಹೆಸರು ಇಟ್ಟಿದ್ದಾರೆ, ಇವನದ್ದು ಸ್ಪೇನ್. ಒಬ್ಬ ಸ್ಪೇನಿನವನನ್ನೂ ನಾನು ಅಲ್ಲಿ ಕಂಡದ್ದಿಲ್ಲ. ಮರುದಿನ ಅವನಿಗೆ ಫೋನು ಮಾಡಿದೆ.

"ಐರಿನ್ ಹೋಗುವ ವಿಷಯ ನಿನಗೆ ಗೊತ್ತುಂಟಾ?"

"ಗೊತ್ತುಂಟು ಮಾಯ್."

"ಎಲ್ಲರಿಗೂ ಗೊತ್ತುಂಟು ಅಂತಾಯ್ತು. ನನ್ನ ಕಥೆ ಎಂತ?"

"ನಿನ್ನ ಪೇಪರ್ ಎಲ್ಲ ಅವಳೇ ಮಾಡ್ತಾಳೆ ಅಂತ ನಾನು ಗ್ರಹಿಸಿದೆ. ನೀನು ಅವರ ಒಟ್ಟಿಗೆ ಹೋಗುದಲ್ವಾ?"

ಫೋನು ಇಟ್ಟು ಮಂಚದ ಮೇಲೆ ಕೂತೆ. ನನ್ನ ವೀಸಾ ಐರಿನ್ ಹೆಸರಿನಲ್ಲಿದೆ. ಅವಳು ಇಲ್ಲಿಂದ ಹೊರಟರೆ ಅದು ಖಲಾಸ್. ಹುಟ್ಟಿದ ಮನೆ ರಸ್ತೆ ಅಗಲ ಮಾಡುವಾಗ ಹೋಯಿತು, ಅಪ್ಪ ಎಳೆದ ಗೆರೆ ಸಮೇತ. ಗಂಡನ ಮನೆಯಲ್ಲಿ ಮೈದುನನ ಮಕ್ಕಳಿದ್ದಾರೆ, ಅವರಿಗೆ ನನ್ನ ಮುಖದ ಗುರುತೂ ಇಲ್ಲ. ಮಗಳು ಕೆಟ್ಟವಳಲ್ಲ, ಮಗನೂ ಕೆಟ್ಟವನಲ್ಲ. ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸಿ ನಿಶ್ಚಿಂತೆಯಿಂದ ಇದ್ದರು, ಅಷ್ಟೇ. ಎದುರಿಗೆ ನಾಲ್ಕು ಬಣ್ಣದ ನಕ್ಷೆ. ನನಗೆ ಕಂಡದ್ದು ನಡುಕೋಣೆ ಮತ್ತು ಗೋಡೆ ಎದ್ದ ವರ್ಷದ ತೆನೆ ಹಬ್ಬ.

ಆ ಹಬ್ಬದ ದಿನ ನಮ್ಮಲ್ಲಿ ಮೀನು ಮಾಂಸ ಇಲ್ಲ. ಹರಿವೆ, ಬೆಂಡೆ, ಹೀರೆ, ಕೆಸುವಿನ ದಂಟಿಗೆ ಅಂಬಟೆಕಾಯಿ ಹಾಕಿ ಮಾಡಿದ ಗಸಿ. ತೆನೆಯಿಂದ ಬಿಡಿಸಿದ ಹೊಸ ಅಕ್ಕಿಯನ್ನು ಪುಡಿ ಮಾಡಿ ತೆಂಗಿನ ಹಾಲು ಬೆಲ್ಲದಲ್ಲಿ ಕಲಸಿ, ಮನೆಯವರೆಲ್ಲ ಕೂತ ಮೇಲೆ, ಒಬ್ಬೊಬ್ಬರಿಗೆ ಒಂದು ಪಾಲು. ದೂರ ಇದ್ದವರಿಗೆ ನಾಲ್ಕು ಕಾಳು ಅಂಚೆಯಲ್ಲಿ ಕಳಿಸುತ್ತಾರೆ. ಯಾರಿಗೆ ಪಾಲು ಉಂಟೋ ಅವರು ಆ ಮನೆಯವರು. ಆ ವರ್ಷ ಅಪ್ಪ ತನ್ನ ವಾಡೊದ ತೆನೆ ತಂದ, ದೊಡ್ಡಪ್ಪ ತನ್ನ ವಾಡೊದ್ದು ತಂದ. ಜುಲಿಯಾನತ್ತೆ ಬೆಳಿಗ್ಗೆ ದೊಡ್ಡಪ್ಪನವರ ಜೊತೆ ಇಗರ್ಜಿಗೆ ಹೋಗಿದ್ದಳು, ಹಾಗಾಗಿ ಅಲ್ಲೇ ಉಣ್ಣುತ್ತಾಳೆ ಎಂದು ಅಮ್ಮನ ಎಣಿಕೆ. ಬಂದ ಮೇಲೆ ನಮ್ಮ ತೆಂಗಿನಕಾಯಿ ತುರಿದು ಕೊಟ್ಟಿದ್ದಳು, ಹಾಗಾಗಿ ನಮ್ಮಲ್ಲೇ ಉಣ್ಣುತ್ತಾಳೆ ಎಂದು ದೊಡ್ಡಮ್ಮನ ಎಣಿಕೆ. ಎರಡು ಕಡೆಯೂ ಬಾಳೆ ಎಲೆ ಹಾಸಿ ಆಯಿತು. ನಾನು ಅವಸರದಲ್ಲಿ ನಡುಕೋಣೆ ಬಾಗಿಲಿನಿಂದ ಇಣುಕಿದೆ. ಅತ್ತೆ ಒಗೆದ ಸೀರೆ ಉಟ್ಟು ಮಂಚದ ತುದಿಯಲ್ಲಿ ಕೂತಿದ್ದಳು. ಎರಡು ಗೋಡೆಯಾಚೆಯಿಂದ ಸೌಟಿನ ಸದ್ದು ಬರುತ್ತಿತ್ತು. ಅವಳು ಅತ್ತ ಒಮ್ಮೆ ಕಿವಿ ಕೊಟ್ಟಳು, ಇತ್ತ ಒಮ್ಮೆ ಕಿವಿ ಕೊಟ್ಟಳು. ಆಮೇಲೆ ಎದ್ದಳು.

ಅಳಲಿಲ್ಲ, ಬೈಯಲಿಲ್ಲ. ಎರಡೂ ಬಾಗಿಲು ಪೂರಾ ತೆರೆದು, ಅಲ್ತಾರಿನ ಮುಂದೆ ಮಂಡಿಯೂರಿ, ಊಟಕ್ಕೆ ಮೊದಲಿನ ಪ್ರಾರ್ಥನೆ ಗಟ್ಟಿಯಾಗಿ ಶುರು ಮಾಡಿದಳು. ಅಲ್ತಾರಿನಲ್ಲಿ ಪ್ರಾರ್ಥನೆ ನಡೆಯುವಾಗ ಯಾರೂ ತುತ್ತು ಎತ್ತುವ ಹಾಗಿಲ್ಲ. ಎಲೆಯ ಮುಂದೆ ಕೂತ ಎರಡು ಸಂಸಾರವೂ ಎದ್ದು ನಿಂತಿತು. ಪ್ರಾರ್ಥನೆ ಮುಗಿಯಿತು, ಶಿಲುಬೆ ಗುರುತು ಹಾಕುತ್ತಾಳೆ ಎಂದುಕೊಂಡೆವು; ಅವಳು ಸಂತರ ಹೆಸರು ಹಿಡಿದಳು. ಒಂದೊಂದು ಹೆಸರಿಗೂ ನಾವೆಲ್ಲ 'ನಮಗಾಗಿ ಪ್ರಾರ್ಥಿಸು' ಎನ್ನಬೇಕು. ಅಪೊಸ್ತಲರು ಮುಗಿದರು, ರಕ್ತಸಾಕ್ಷಿಗಳು ಮುಗಿದರು, ಬಿಷಪರು ಮುಗಿದರು, ಕನ್ಯೆಯರು ಬಂದರು. ಗಸಿ ಆರಿತು. ದೊಡ್ಡಪ್ಪನ ಹೊಟ್ಟೆ ಗುಡುಗಿದ್ದು ನನಗೆ ಗೋಡೆಯ ಈಚೆಗೆ ಕೇಳಿಸಿತು. ಕೊನೆಗೆ ಒಂದು ಬಾಗಿಲಿಗೆ ಅಪ್ಪ, ಇನ್ನೊಂದಕ್ಕೆ ದೊಡ್ಡಪ್ಪ ಬಂದು ನಿಂತರು.

"ಅಕ್ಕ, ಇನ್ನೂ ಎಷ್ಟುಂಟು?" ಎಂದ ಅಪ್ಪ.

"ಸಂತರಿಗೆ ಬರ ಉಂಟಾ?" ಎಂದಳು ಅತ್ತೆ. "ನನ್ನ ಪಾಲು ಯಾರ ಒಲೆಯ ಹತ್ತಿರ ಉಂಟು ಅಂತ ಹೇಳಿ. ಆಮೇಲೆ ಆಮೆನ್ ಹೇಳ್ತೇನೆ."

ಇಬ್ಬರು ಗುರ್ಕಾರರೂ ಒಬ್ಬರ ಮುಖ ಒಬ್ಬರು ನೋಡಿದರು. ಗೋಡೆ ಎದ್ದ ಮೇಲೆ ಅವರು ಹಾಗೆ ನೋಡಿಕೊಂಡದ್ದು ಅದೇ ಮೊದಲು. ಆಮೇಲೆ ಎರಡೂ ಬಾಗಿಲಿನಿಂದ ಒಂದೊಂದು ಬಟ್ಟಲು ಬಂತು. ಒಂದು ಸಾಕು ಎಂದು ಅವಳು ಹೇಳಲಿಲ್ಲ.

ಅಬುಧಾಬಿಯಲ್ಲಿ ನಾವು ತೆನೆ ಹಬ್ಬದ ಊಟವನ್ನು ಹಬ್ಬ ಕಳೆದ ಭಾನುವಾರ ಇಟ್ಟುಕೊಳ್ಳುತ್ತೇವೆ, ರಜೆ ಸಿಗಬೇಕಲ್ಲ. ಊರಿನಿಂದ ಬಂದ ಯಾರದೋ ಬ್ಯಾಗಿನಲ್ಲಿ ತೆನೆ ಬಂದಿತ್ತು. ವಿಲ್ಸನ್ ಮತ್ತು ಶೈಲಾ ಮಕ್ಕಳನ್ನು ಕರೆದುಕೊಂಡು ದುಬೈಯಿಂದ ಬಂದರು. ಯಾರೂ ವೀಗೊದ ಮಾತು ಎತ್ತಲಿಲ್ಲ. ಐರಿನ್ ಪಲ್ಯ ಬಡಿಸಿದಳು, ರೋಶನ್ ಕುರ್ಚಿ ಎಳೆದ. ಹೊಸ ಅಕ್ಕಿಯ ಪಾತ್ರೆ ನನ್ನ ಮುಂದೆ. ಹಿರಿಯರು ಪ್ರಾರ್ಥನೆ ಹೇಳಿ ಶಿಲುಬೆ ಗುರುತು ಹಾಕುವವರೆಗೆ ಈ ಮನೆಯಲ್ಲೂ ಯಾರೂ ಚಮಚ ಮುಟ್ಟುವುದಿಲ್ಲ. ಅದೊಂದು ಉಳಿದಿದೆ.

ನಾನು ಪ್ರಾರ್ಥನೆ ಹೇಳಿದೆ. ಮುಗಿದ ಮೇಲೆ ಸಂತರನ್ನು ಹಿಡಿದೆ. ಮೊದಲು ಎಲ್ಲರೂ ಭಕ್ತಿಯಿಂದಲೇ ಉತ್ತರ ಕೊಟ್ಟರು. ರಕ್ತಸಾಕ್ಷಿಗಳ ಹೊತ್ತಿಗೆ ರೋಶನ್ ಒಂದು ಕಣ್ಣು ತೆರೆದು ಗಡಿಯಾರ ನೋಡಿದ. ಕನ್ಯೆಯರ ಹೊತ್ತಿಗೆ ವಿಲ್ಸನ್‌ನ ಸಣ್ಣವಳು ಹಪ್ಪಳಕ್ಕೆ ಕೈ ಹಾಕಿ ಪೆಟ್ಟು ತಿಂದಳು. ಕನ್ಯೆಯರು ಮುಗಿದರು. ನಾನು ತಿರುಗಿ ಅಪೊಸ್ತಲರಿಂದ ಶುರು ಮಾಡಿದೆ. ಆಗ ಐರಿನ್‌ಳ ದನಿ ನಿಂತಿತು. ಜುಲಿಯಾನತ್ತೆಯ ಕಥೆಯನ್ನು ಅವಳಿಗೆ ಚಿಕ್ಕಂದಿನಲ್ಲಿ ನಾನೇ ಹೇಳಿ ನಗಿಸಿದ್ದೆ.

"ಮಾಯ್," ಎಂದಳು. "ಎಂತ ಬೇಕು ಹೇಳು."

"ಪ್ರಾರ್ಥನೆಯ ಮಧ್ಯೆ ಮಾತಾಡುದಲ್ಲ," ಎಂದು ಇನ್ನೊಬ್ಬ ಸಂತನನ್ನು ಕರೆದೆ. ಒಬ್ಬರೂ ಉತ್ತರ ಕೊಡಲಿಲ್ಲ. ಆಗ ಕಣ್ಣು ತೆರೆದೆ.

"ಬರುವ ವರ್ಷ ಈ ಹಬ್ಬಕ್ಕೆ ನನ್ನ ಪಾಲು ಯಾರ ಮೇಜಿನ ಮೇಲೆ? ಅಂಚೆಯಲ್ಲಿ ಕಳಿಸುವ ಅಂದಾಜಿದ್ದರೆ ಈಗಲೇ ಹೇಳಿ. ನನಗೆ ಸಂತರು ಬೇಕಾದಷ್ಟಿದ್ದಾರೆ."

ಐರಿನ್ ವಿಲ್ಸನ್‌ನನ್ನು ನೋಡಿದಳು. ವಿಲ್ಸನ್ ಐರಿನ್‌ಳನ್ನು ನೋಡಿದ. ಆ ನೋಟ ನನಗೆ ಗುರುತಿನದ್ದೇ.

"ಅವಳು ನಿನ್ನನ್ನು ಕರ್ಕೊಂಡು ಹೋಗ್ತಾಳೆ ಅಂತ..." ಎಂದ ವಿಲ್ಸನ್.

"ಅಲ್ಲಿ ಮಾಯ್‌ಗೆ ಅಷ್ಟು ಬೇಗ ಪೇಪರ್ ಆಗುದಿಲ್ಲ ಮಾರಾಯ. ನೀನು ಒಂದು ಸಲ ಕೇಳಿದ್ದುಂಟಾ?" ಎಂದಳು ಐರಿನ್.

"ನೀನು ಹೇಳಿದ್ದುಂಟಾ?"

ಆಗ ಮಾತಾಡಿದ್ದು ಶೈಲಾ. ಸೊಸೆ. ಅವಳ ಮೇಲೆಯೇ ನನಗೆ ಎಲ್ಲರಿಗಿಂತ ಹೆಚ್ಚು ಅನುಮಾನ ಇದ್ದದ್ದು.

"ನಮ್ಮಲ್ಲಿಗೆ ಬನ್ನಿ ಮಾಯ್. ವೀಸಾ ಇವರ ಹೆಸರಿಗೆ ಮಾಡಿಸುವ. ಹಾಲ್‌ನಲ್ಲಿ ಕಿಟಕಿ ಬದಿಗೆ ಮಂಚ ಹಾಕುವ."

ವಿಲ್ಸನ್ ಹೆಂಡತಿಯ ಕಡೆ ತಿರುಗಿದ ರೀತಿ ನೋಡಿದರೆ ಅವನಿಗೂ ಅದು ಹೊಸ ಸುದ್ದಿ.

"ಹಾಲ್‌ನಲ್ಲಿ ಟಿವಿ ಉಂಟಲ್ಲ," ಎಂದೆ.

"ಟಿವಿ ರೂಮಿಗೆ ಹಾಕುವ."

"ನಡುವೆ ಪರದೆ?"

"ಹಾಕುವ ಮಾಯ್. ನೀವೇ ಬಟ್ಟೆ ಆರಿಸಿ."

"ಯಾವಾಗ?"

"ಈ ಶನಿವಾರ ಬನ್ನಿ, ಒಟ್ಟಿಗೆ ಹೋಗಿ ತರುವ," ಎಂದಳು. ದಿನ ಹೇಳಿದವರನ್ನು ನಾನು ಅರ್ಧ ನಂಬುತ್ತೇನೆ.

"ಆಮೇಲೆ ಅಲ್ಲಿ ನಮ್ಮದು ಸರಿಯಾದ್ರೆ ನಾನು ನಿನ್ನನ್ನು ಕರೆಸಿಕೊಳ್ತೇನೆ," ಎಂದಳು ಐರಿನ್. ಅವಳ ಕಣ್ಣು ಒದ್ದೆಯಾಗಿತ್ತು.

"ಆದ್ರೆ ನೋಡುವ," ಎಂದೆ.

ರಿಯಾನಾ ನನ್ನ ಕಡೆ ಬಾಗಿದಳು. "ಗ್ರ್ಯಾನಿ, ವಿಲ್ಸನ್ ಅಂಕಲ್ ಇರುದು ಸ್ಪೇನ್ ಕ್ಲಸ್ಟರ್. ನಾವೂ ಸ್ಪೇನ್, ನೀವೂ ಸ್ಪೇನ್," ಎಂದಳು.

"ನಿನ್ನ ಸ್ಪೇನಿನ ನಕ್ಷೆ ಗೋಡೆಯಿಂದ ಬಿಚ್ಚಿ ನನಗೆ ಕೊಟ್ಟು ಹೋಗು," ಎಂದೆ. "ನೀವು ಯಾವ ಮೂಲೆಯಲ್ಲಿದ್ದೀರಿ ಅಂತ ನನ್ನ ಕಣ್ಣ ಮುಂದೆ ಇರಲಿ."

ಶಿಲುಬೆ ಗುರುತು ಹಾಕಿದೆ. ಎಲ್ಲರೂ ಒಮ್ಮೆಲೇ ಆಮೆನ್ ಎಂದರು, ಅಷ್ಟು ಗಟ್ಟಿಯಾದ ಆಮೆನ್ ಈ ಮನೆಯಲ್ಲಿ ನಾನು ಕೇಳಿರಲಿಲ್ಲ. ಸೌಟು ನನ್ನ ಕೈಗೆ ಬರುವ ಮೊದಲೇ ಐರಿನ್ ಒಂದು ಬಟ್ಟಲಿಗೆ ಹೊಸ ಅಕ್ಕಿ ಹಾಕಿ ನನ್ನ ಎಡಕ್ಕೆ ಇಟ್ಟಳು. ಅವಳನ್ನು ನೋಡಿ ಶೈಲಾ ಇನ್ನೊಂದು ಬಟ್ಟಲು ಬಲಕ್ಕೆ ಇಟ್ಟಳು. ನಾನು ಎಡದ್ದನ್ನು ಮುಗಿಸಿ ಬಲದ್ದಕ್ಕೆ ಚಮಚ ಹಾಕಿದೆ.

"ಗ್ರ್ಯಾನಿ, ಎರಡೂ ನೀವೇ ತಿಂತೀರಾ? ನಿಮಗೆ ಶುಗರ್ ಉಂಟು."

"ಇವತ್ತು ಒಂದು ಬೇಡ ಎಂದರೆ," ಎಂದೆ, "ಬರುವ ವರ್ಷ ಇಬ್ಬರೂ ಇಡುವುದಿಲ್ಲ."